ವಿಮಾನದ ಮಾದರಿ: ಯಾವುದು ಕುಗ್ಗುತ್ತದೆ, ಯಾವುದು ಕುಗ್ಗುವುದಿಲ್ಲ?

'ಮಾದರಿ' ಎಂಬ ಪದವನ್ನು ನಮ್ಮ ಶಾಲಾ ವಿಜ್ಞಾನ ಪ್ರದರ್ಶನಗಳಲ್ಲಿ ಬಹಳ ಧಾರಾಳವಾಗಿ ಬಳಸುತ್ತೇವೆ. ಥರ್ಮೋಕೋಲಿನ ಜ್ವಾಲಾಮುಖಿಯೂ ಮಾದರಿ, ಪುಟ್ಟ ಬಲ್ಬು ಉರಿಯುವ ಜಲವಿದ್ಯುದಾಗಾರವೂ ಮಾದರಿ. ಇವುಗಳ ನಡುವೆ ವಿದ್ಯಾರ್ಥಿಯೊಬ್ಬ ಪ್ಲಾಸ್ಟಿಕ್ ಕಿಟ್ ಜೋಡಿಸಿ ಬಣ್ಣ ಬಳಿದ ವಿಮಾನವೊಂದನ್ನು ತಂದಿಟ್ಟರೆ, ತೀರ್ಪುಗಾರರು 'ಇದು ಆಟಿಕೆ' ಎಂದು ಮುಂದಿನ ಮೇಜಿಗೆ ಹೋಗುತ್ತಾರೆ. ಆದರೆ ಆ ಸಾಲಿನಲ್ಲಿ ಒಂದು ನಿರ್ದಿಷ್ಟ ಅನುಪಾತಕ್ಕೆ ಬದ್ಧವಾಗಿರುವ ವಸ್ತು ಬಹುಶಃ ಅದೊಂದೇ. ಇನ್ನೊಂದೆಡೆ, ಹವ್ಯಾಸಿಗಳ ಪತ್ರಿಕೆಗಳಲ್ಲಿ ಬರುವ ಕಿಟ್ ವಿಮರ್ಶೆಗಳನ್ನು ಓದಿದರೆ, ರೆಕ್ಕೆ ಅರ್ಧ ಮಿಲಿಮೀಟರ್ ಕಡಿಮೆಯಾಯಿತೆಂದು ಅರ್ಧ ಪುಟದ ಆಕ್ಷೇಪಣೆ ಇರುತ್ತದೆ. ಮೊದಲನೆಯವರು ಏನನ್ನೂ ಅಳೆಯುವುದಿಲ್ಲ. ಎರಡನೆಯವರು ಅಳೆಯುತ್ತಾರೆ, ಆದರೆ ಯಾವುದನ್ನು ಅಳೆಯಬೇಕು ಎಂದು ಕೇಳಿಕೊಳ್ಳುವುದಿಲ್ಲ. ಈ ಎರಡನೆಯವರ ಮಾನದಂಡಗಳನ್ನು ಭೌತವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡೋಣ.

ಉದಾಹರಣೆಗೆ 1/72 ಪ್ರಮಾಣದ ಸ್ಪಿಟ್‌ಫೈರ್ ಯುದ್ಧವಿಮಾನದ ಕಿಟ್ಟನ್ನು ತೆಗೆದುಕೊಳ್ಳೋಣ. ಆರ್. ಜೆ. ಮಿಚೆಲ್ ಅವರ ತಂಡ ಇಂಗ್ಲೆಂಡಿನಲ್ಲಿ ವಿನ್ಯಾಸಗೊಳಿಸಿದ ಈ ವಿಮಾನ ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಕನ್ನಡಿಗರಿಗೆ ಇದರ ಬಗ್ಗೆ ಕುತೂಹಲ ಮೂಡಲು ಒಂದು ಕಾರಣವೂ ಇದೆ. 1941ರ ಜೂನ್‌ನಲ್ಲಿ ಬ್ರಿಟಿಷ್ ವಾಯುಪಡೆ ಮತ್ತೆ ಕಟ್ಟಿದ 129ನೇ ಸ್ಕ್ವಾಡ್ರನ್‌ಗೆ, ವಿಮಾನಗಳಿಗಾಗಿ ಮೈಸೂರು ಸಂಸ್ಥಾನ ಕೊಟ್ಟ ಹಣದ ನೆನಪಿಗೆ, 'ಮೈಸೂರು' ಎಂಬ ಹೆಸರು ಸೇರಿತು. ಅದರ ಲಾಂಛನದಲ್ಲಿದ್ದುದು ನಮ್ಮ ಗಂಡಭೇರುಂಡ. ಆ ಸ್ಕ್ವಾಡ್ರನ್ ಮೊದಲು ಹಾರಿಸಿದ್ದು ಸ್ಪಿಟ್‌ಫೈರ್‌ಗಳನ್ನೇ. ಒಡಲಿನ ಮೇಲೆ 'ಡಿವಿ' ಎಂಬ ಸಂಕೇತಾಕ್ಷರಗಳನ್ನು ಹೊತ್ತ ಆ ವಿಮಾನಗಳಲ್ಲಿ ಒಂದನ್ನು ಮೇಜಿನ ಮೇಲೆ ಕಟ್ಟಬೇಕೆಂದು ವಿದ್ಯಾರ್ಥಿಯೊಬ್ಬ ಹೊರಟ ಎಂದುಕೊಳ್ಳಿ.

ಮೊದಲು 72 ಎಂಬ ಸಂಖ್ಯೆಯ ಬಗ್ಗೆ ಒಂದು ಮಾತು. ಆರು ಅಡಿಗೆ ಒಂದು ಅಂಗುಲ ಎಂಬ ಬ್ರಿಟಿಷ್ ಅಳತೆಯಿಂದ ಬಂದದ್ದು ಇದು. ಆರಡಿ ಎತ್ತರದ ಮನುಷ್ಯ ಒಂದಂಗುಲವಾಗುತ್ತಾನೆ. 1936ರಲ್ಲೇ ಫ್ರಾಗ್ ಸಂಸ್ಥೆ ಈ ಪ್ರಮಾಣದಲ್ಲಿ ಸೆಲ್ಯುಲೋಸ್ ಅಸಿಟೇಟ್‌ನ ಕಿಟ್‌ಗಳನ್ನು ಹೊರತಂದಿತ್ತು. ಯುದ್ಧಕಾಲದಲ್ಲಿ ಶತ್ರುವಿನ ವಿಮಾನ ಯಾವುದು, ಮಿತ್ರರದು ಯಾವುದು ಎಂದು ಕಾವಲುಗಾರರಿಗೆ ಕಲಿಸಲು ಇದೇ ಪ್ರಮಾಣದ ಕಪ್ಪು ಮಾದರಿಗಳನ್ನು ಬಳಸಿದರು. 1953ರಲ್ಲಿ ಏರ್‌ಫಿಕ್ಸ್ ಸಂಸ್ಥೆ ತನ್ನ ಮೊದಲ ವಿಮಾನದ ಕಿಟ್ ಆಗಿ ಪಾಲಿಸ್ಟೈರೀನಿನ ಸ್ಪಿಟ್‌ಫೈರನ್ನೇ ಆರಿಸಿತು. (2010ರ ದಶಕದ ಹಲವು ಏರ್‌ಫಿಕ್ಸ್ ಪೆಟ್ಟಿಗೆಗಳ ಮೇಲೆ 'ಭಾರತದಲ್ಲಿ ತಯಾರಾದದ್ದು' ಎಂಬ ಮುದ್ರೆ ಇದೆ.) ಕಪ್ಪು ಬಣ್ಣದ ಆ ಗುರುತಿನ ಮಾದರಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅವುಗಳ ಮೇಲೆ ಗೆರೆಯೂ ಇಲ್ಲ, ಬಣ್ಣವೂ ಇಲ್ಲ. ಆದರೂ ಅವು ತಮ್ಮ ಕೆಲಸಕ್ಕೆ ಸಾಕಾದವು.

ಈಗ ಅಳತೆ. ಸ್ಪಿಟ್‌ಫೈರ್ ಮಾರ್ಕ್ 1ರ ರೆಕ್ಕೆಹರವು 11.23 ಮೀ, ಉದ್ದ 9.12 ಮೀ. 72ರಿಂದ ಭಾಗಿಸಿದರೆ 156 ಮಿಮೀ ಮತ್ತು 126.7 ಮಿಮೀ. ವರ್ನಿಯರ್ ಕ್ಯಾಲಿಪರ್ಸ್ ಇರುವ ಯಾವ ಪ್ರೌಢಶಾಲೆಯಲ್ಲೂ ಇದನ್ನು ಪರೀಕ್ಷಿಸಬಹುದು. ವಿಮರ್ಶಕರು ಇಲ್ಲಿಗೇ ನಿಲ್ಲುತ್ತಾರೆ. ರೆಕ್ಕೆ 155.5 ಮಿಮೀ ಇದ್ದರೆ 'ದೋಷ' ಎಂದು ಬರೆಯುತ್ತಾರೆ. ಕರಗಿದ ಪಾಲಿಸ್ಟೈರೀನ್ ಅಚ್ಚಿನೊಳಗೆ ತಣಿಯುವಾಗ ಶೇಕಡ 0.4ರಿಂದ 0.7ರಷ್ಟು ಕುಗ್ಗುತ್ತದೆ, 156 ಮಿಮೀಗೆ ಇದು ಸುಮಾರು ಮುಕ್ಕಾಲು ಮಿಲಿಮೀಟರ್. ಅಚ್ಚು ಮಾಡುವವರು ಇದನ್ನು ಮೊದಲೇ ಲೆಕ್ಕ ಹಾಕಿ ಅಚ್ಚನ್ನು ದೊಡ್ಡದಾಗಿಸುತ್ತಾರೆ. ಅರ್ಧ ಮಿಲಿಮೀಟರಿನ ವ್ಯತ್ಯಾಸ ಬಂದರೆ ಅದು ಶೇಕಡ 0.3, ನಮ್ಮ ಪ್ರಯೋಗಾಲಯದ ಎಷ್ಟು ಫಲಿತಾಂಶಗಳು ಇಷ್ಟು ನಿಖರವಾಗಿರುತ್ತವೆ?

ಇದಕ್ಕಿಂತ ಒಳ್ಳೆಯ ಪರೀಕ್ಷೆ ಇದೆ. ಅಂಡವೃತ್ತದಂತಹ ರೆಕ್ಕೆಯೇ ಸ್ಪಿಟ್‌ಫೈರಿನ ಗುರುತು. ಅದರ ವಿಸ್ತೀರ್ಣ 22.48 ಚದರ ಮೀಟರ್. ಮಾದರಿಯಲ್ಲಿ ಇದು 72ರ ವರ್ಗದಿಂದ, ಎಂದರೆ 5184ರಿಂದ, ಭಾಗವಾಗಬೇಕು: ಸುಮಾರು 43.4 ಚದರ ಸೆಂಮೀ. ರೆಕ್ಕೆಯನ್ನು ಗ್ರಾಫ್ ಹಾಳೆಯ ಮೇಲಿಟ್ಟು ಪೆನ್ಸಿಲ್‌ನಿಂದ ಸುತ್ತುಗೆರೆ ಎಳೆಯಿರಿ, ಒಡಲಿನೊಳಗೆ ಹಾಯುವ ಭಾಗವನ್ನೂ ಸೇರಿಸಿ, ಚೌಕಗಳನ್ನು ಎಣಿಸಿ. ತುದಿಯಿಂದ ತುದಿಗೆ ಸರಿಯಿದ್ದೂ ಬಾಗು ತಪ್ಪಿದ ರೆಕ್ಕೆ ಇಲ್ಲಿ ಸಿಕ್ಕಿಬೀಳುತ್ತದೆ. ಕಣ್ಣಿಗೆ 'ಯಾಕೋ ಸ್ಪಿಟ್‌ಫೈರಿನಂತಿಲ್ಲ' ಎನಿಸುವುದು ಇಂಥ ಬಾಗಿನ ದೋಷದಿಂದಲೇ ಹೊರತು ಉದ್ದದ ಅರ್ಧ ಮಿಲಿಮೀಟರಿನಿಂದಲ್ಲ. ತೂಕದ ಮಾತು ಬೇರೆ. ತುಂಬಿದ ವಿಮಾನದ ತೂಕ ಸುಮಾರು 2600 ಕಿಗ್ರಾಂ. 72ರ ಘನದಿಂದ ಭಾಗಿಸಿದರೆ ಬರುವುದು ಬರೀ 7 ಗ್ರಾಂ. ನಿಮ್ಮ ಕಿಟ್ಟನ್ನು ತಕ್ಕಡಿಗೆ ಹಾಕಿ ನೋಡಿ, ಅದು ಎಷ್ಟೋ ಪಟ್ಟು ಭಾರ. ಯಾಕೆಂದರೆ ವಿಮಾನದ ಹೊರತಗಡಿನ ದಪ್ಪ ಸುಮಾರು ಒಂದು ಮಿಮೀ ಅಥವಾ ಅದಕ್ಕೂ ಕಡಿಮೆ. ಕಿಟ್ಟಿನ ಪ್ಲಾಸ್ಟಿಕ್ಕಿನ ದಪ್ಪವೂ ಸುಮಾರು ಒಂದು ಮಿಮೀ. ದಪ್ಪ ಕುಗ್ಗಲೇ ಇಲ್ಲ!

ಇಲ್ಲಿಂದ ಮುಂದೆ ನನಗೂ ಕಿಟ್ ವಿಮರ್ಶಕರಿಗೂ ದಾರಿ ಬೇರೆಯಾಗುತ್ತದೆ. ಅವರು ಅತಿಯಾಗಿ ಮೆಚ್ಚುವುದು ಮೈಮೇಲೆ ಕೊರೆದ ಗೆರೆಗಳನ್ನು. ತಗಡು ತಗಡು ಸೇರುವ ಜಾಗವನ್ನು ತೋರಿಸುವ ಗೆರೆಗಳಿವು. ಹಳೆಯ ಕಿಟ್‌ಗಳಲ್ಲಿ ಇವು ಉಬ್ಬುಗೆರೆಗಳಾಗಿದ್ದವು. ಈಗ ಕೊರೆದ ಗೆರೆ ಇದ್ದರೆ 'ಆಧುನಿಕ', ಉಬ್ಬಿದ್ದರೆ 'ಹಳಸಲು' ಎಂಬ ತೀರ್ಪು. ಕೊರೆದ ಗೆರೆಯ ಅಗಲ 0.2 ಮಿಮೀ ಎಂದಿಟ್ಟುಕೊಳ್ಳಿ (ನಿಮ್ಮ ಕಿಟ್ಟಿನದನ್ನು ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ ನೋಡಿ). ನಿಜವಾದ ವಿಮಾನದಲ್ಲಿ ಅದು 14.4 ಮಿಮೀ, ನನ್ನ ಕಿರುಬೆರಳು ಇಳಿಯುವಷ್ಟು ಅಗಲದ ಕಾಲುವೆ! ಇಂಥ ಕಾಲುವೆಗಳನ್ನು ಮೈತುಂಬ ಹೊತ್ತ ಸ್ಪಿಟ್‌ಫೈರ್ ಯಾರನ್ನೂ ಹಿಡಿಯುತ್ತಿರಲಿಲ್ಲ. ಒಡಲಿನ ಹಲವು ಕಡೆ ತಗಡುಗಳು ಒಂದರ ಅಂಚಿನ ಮೇಲೊಂದು ಹಾಯ್ದು ಕೂತಿರುತ್ತವೆ. ಅಲ್ಲಿರುವುದು ಸಣ್ಣ ಮೆಟ್ಟಿಲು. ಅದನ್ನು ಕಾಲುವೆಯಾಗಿ ತೋರಿಸುವುದಕ್ಕಿಂತ ಹಳೆಯ ಉಬ್ಬುಗೆರೆಯೇ ನಿಜಕ್ಕೆ ಹತ್ತಿರ.

ಮೈಯ ಒರಟುತನದ ಬಗ್ಗೆ ಸ್ಪಿಟ್‌ಫೈರ್ ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಪ್ರಯೋಗದ ಸಾಕ್ಷ್ಯವಿದೆ. ತಗಡಿನ ಮಟ್ಟಕ್ಕೆ ಸಮನಾಗಿ ಕೂರುವ ರಿವೆಟ್‌ಗಳನ್ನು ಹಾಕುವುದು ದುಬಾರಿ. ತಲೆ ಉಬ್ಬಿದ ರಿವೆಟ್ ಅಗ್ಗ. ಉಬ್ಬು ರಿವೆಟ್‌ಗಳನ್ನು ಎಲ್ಲೆಲ್ಲಿ ಬಳಸಿದರೆ ನಷ್ಟವಿಲ್ಲ ಎಂದು ತಿಳಿಯಲು ಎಂಜಿನಿಯರುಗಳು ಒಡೆದ ಬಟಾಣಿ ಬೇಳೆಯನ್ನು ಸಮಮಟ್ಟದ ರಿವೆಟ್‌ಗಳ ಮೇಲೆ ಅಂಟಿಸಿ ವಿಮಾನವನ್ನು ಹಾರಿಸಿದರು. ಎಲ್ಲ ಕಡೆ ಅಂಟಿಸಿದಾಗ ವೇಗ ಗಂಟೆಗೆ ಸುಮಾರು 35 ಕಿಮೀನಷ್ಟು ಇಳಿಯಿತು. ಆಮೇಲೆ ಒಂದೊಂದು ಭಾಗದ ಬೇಳೆಯನ್ನು ಕಿತ್ತುಹಾಕುತ್ತ ವೇಗವನ್ನು ಮತ್ತೆ ಮತ್ತೆ ಅಳೆದರು. ಅಡುಗೆಮನೆಯ ಸಾಮಗ್ರಿಯಿಂದ ಮಾಡಿದ ಇಷ್ಟು ಚೊಕ್ಕಟವಾದ ಪ್ರಯೋಗ ಎಂಜಿನಿಯರಿಂಗ್ ಚರಿತ್ರೆಯಲ್ಲಿ ಅಪರೂಪ.

'ಸರಿ, ಆದರೆ ಗೆರೆಯೇ ಇಲ್ಲದಿದ್ದರೆ ಮಾದರಿ ಬೋಳಾಗಿ ಕಾಣುತ್ತದಲ್ಲ?' ಎಂದು ನೀವು ಕೇಳಬಹುದು. ಕಾಣುವುದೆಂದರೇನು ಎಂಬುದನ್ನೇ ಲೆಕ್ಕ ಹಾಕೋಣ. ಮಾದರಿಯನ್ನು ನಾವು 30 ಸೆಂಮೀ ದೂರದಿಂದ ನೋಡುತ್ತೇವೆ. ಕೋನದ ದೃಷ್ಟಿಯಿಂದ ಇದು ನಿಜ ವಿಮಾನವನ್ನು 21.6 ಮೀ ದೂರದಿಂದ ನೋಡಿದ್ದಕ್ಕೆ ಸಮ. ಆರೋಗ್ಯವಂತ ಕಣ್ಣು ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸಲು ಅವುಗಳ ನಡುವೆ ಸುಮಾರು ಒಂದು ಕೋನ ಮಿನಿಟಿನ ಅಂತರ ಬೇಕು. 21.6 ಮೀ ದೂರದಲ್ಲಿ ಇದು 6.3 ಮಿಮೀ, ಮಾದರಿಯ ಮೇಲೆ 0.09 ಮಿಮೀ. ಅದಕ್ಕಿಂತ ಕಿರಿದಾದ ವಿವರಗಳನ್ನು ಬಿಟ್ಟುಬಿಟ್ಟರೆ ಹೆಚ್ಚಿನ ನಷ್ಟವೇನಿಲ್ಲ. ಒಂದು ಎಚ್ಚರಿಕೆ: ಈ ಮಿತಿ ಎರಡು ಚುಕ್ಕೆಗಳನ್ನು ಬೇರ್ಪಡಿಸುವುದಕ್ಕೆ. ಬೆಳಗುವ ಆಕಾಶದ ಎದುರು ಒಂಟಿ ತಂತಿಯನ್ನು ಕಣ್ಣು ಇದಕ್ಕಿಂತ ಎಷ್ಟೋ ತೆಳುವಾಗಿದ್ದರೂ ಕಾಣಬಲ್ಲದು, ದೂರದ ವಿದ್ಯುತ್ ತಂತಿ ಕಾಣುವ ಹಾಗೆ. ಆದ್ದರಿಂದ ಗೆರೆ ಸಂಪೂರ್ಣವಾಗಿ ಮಾಯವಾಗಬೇಕೆಂದು ನಾನು ವಾದಿಸುತ್ತಿಲ್ಲ. ತೆಳುವಾದ ನೆರಳಿನ ಸುಳಿವು ಸಾಕು. ಕಾಲುವೆ ಕೊರೆದು, ಅದರೊಳಗೆ ಕಪ್ಪು ಶಾಯಿ ಹರಿಸಿ, ಪ್ರತಿ ತಗಡನ್ನೂ ಚೌಕಾಬಾರದ ಮನೆಯಂತೆ ಎದ್ದು ಕಾಣಿಸುವ ಈಗಿನ ಫ್ಯಾಷನ್ ವ್ಯಂಗ್ಯಚಿತ್ರದ ಕಲೆ. ವ್ಯಂಗ್ಯಚಿತ್ರಕ್ಕೆ ಅದರದೇ ಗೌರವವಿದೆ. ಅದನ್ನು ಛಾಯಾಚಿತ್ರ ಎಂದು ಕರೆಯಬಾರದು, ಅಷ್ಟೆ.

ಜೋಡಣೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಪಾಲಿಸ್ಟೈರೀನಿಗೆ ಹಾಕುವ ಅಂಟು ವಾಸ್ತವವಾಗಿ ಅಂಟಲ್ಲ, ದ್ರಾವಕ. ಅಸಿಟೋನ್, ಬ್ಯೂಟೈಲ್ ಅಸಿಟೇಟ್‌ನಂತಹ ದ್ರವ ಎರಡೂ ಅಂಚುಗಳ ಮೇಲ್ಮೈಯನ್ನು ಮೆತ್ತಗೆ ಮಾಡುತ್ತದೆ, ಎರಡು ಕಡೆಯ ಪಾಲಿಮರ್ ಸರಪಣಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ, ದ್ರಾವಕ ಆವಿಯಾದಾಗ ಉಳಿಯುವುದು ಒಂದೇ ತುಂಡು. ಭಾಗಗಳನ್ನು ಒಣದಾಗಿ ಜೋಡಿಸಿ ಹಿಡಿದು ಕುಂಚದ ತುದಿಯನ್ನು ಬಿರುಕಿಗೆ ತಾಗಿಸಿದರೆ ಸಾಕು, ಕೇಶಾಕರ್ಷಣೆ ದ್ರವವನ್ನು ಬಿರುಕಿನುದ್ದಕ್ಕೂ ಎಳೆದೊಯ್ಯುತ್ತದೆ. ಕಿಟಕಿ ತೆರೆದಿರಬೇಕು; ಹತ್ತಿರ ಬೆಂಕಿ ಇರಬಾರದು; ಕಿರಿಯರ ಜೊತೆ ಹಿರಿಯರೊಬ್ಬರು ಇರಬೇಕು. ಒಂದು ದಿನ ಒಣಗಿದ ಮೇಲೆ ನೀರಿನಲ್ಲಿ ಅದ್ದಿದ ನಯವಾದ ಉಪ್ಪುಕಾಗದದಿಂದ ಸಂದಿಯನ್ನು ಉಜ್ಜಿ. ರೆಕ್ಕೆಯ ಹಿಂಬದಿಯ ಅಂಚನ್ನೂ ಒಳಮೈಯಿಂದ ಉಜ್ಜಿ ತೆಳುವಾಗಿಸಿ, ಯಾಕೆಂದರೆ ಅಚ್ಚಿನಲ್ಲಿ ಬಂದ ಅರ್ಧ ಮಿಮೀ ಅಂಚು ನಿಜದಲ್ಲಿ 36 ಮಿಮೀ ದಪ್ಪದ ಹಲಗೆ. ವಿಮರ್ಶಕರು ಇದನ್ನು ಹೇಳುವುದು ಅಪರೂಪ, ಆದರೆ ಮಾದರಿಯ ನೋಟ ಬದಲಾಗುವುದು ಇಲ್ಲಿಯೇ.

ಇನ್ನು ಬಣ್ಣ. ನಮ್ಮ ಮೈಸೂರು ಸ್ಕ್ವಾಡ್ರನ್ನಿನ ವಿಮಾನಕ್ಕೆ ಯಾವ ಬಣ್ಣ? ಅದು 1941ರ ಯಾವ ತಿಂಗಳು ಎಂಬುದರ ಮೇಲೆ ಉತ್ತರ ನಿಂತಿದೆ. ಬೇಸಿಗೆಯ ಆರಂಭದಲ್ಲಿ ಮೇಲ್ಮೈಗೆ ಡಾರ್ಕ್ ಅರ್ತ್ ಎಂಬ ಮಣ್ಣುಕಂದು ಮತ್ತು ಡಾರ್ಕ್ ಗ್ರೀನ್ ಎಂಬ ಕಡುಹಸಿರು, ಕೆಳಮೈಗೆ ಸ್ಕೈ ಎಂಬ ತಿಳಿ ಹಸಿರು ಛಾಯೆ. ಆಗಸ್ಟ್‌ನಲ್ಲಿ ಆದೇಶ ಬದಲಾಯಿತು: ಕಂದಿನ ಜಾಗಕ್ಕೆ ಓಷನ್ ಗ್ರೇ, ಕೆಳಗೆ ಮೀಡಿಯಂ ಸೀ ಗ್ರೇ. ಆ ಕಾಲದ ಚಿತ್ರಗಳು ಬಹುಪಾಲು ಕಪ್ಪುಬಿಳುಪು, ಅವುಗಳನ್ನು ಓದುವುದೂ ಒಂದು ಭೌತವಿಜ್ಞಾನ. ಆರ್ಥೋಕ್ರೋಮ್ಯಾಟಿಕ್ ಫಿಲ್ಮ್ ಕೆಂಪಿಗೆ ಕುರುಡು. ಅದರಲ್ಲಿ ವಾಯುಪಡೆಯ ವೃತ್ತಲಾಂಛನದ ಹೊರಸುತ್ತಿನ ಹಳದಿ ಗಾಢವಾಗಿ ಕಾಣುತ್ತದೆ. ಪ್ಯಾನ್‌ಕ್ರೋಮ್ಯಾಟಿಕ್ ಫಿಲ್ಮ್‌ನಲ್ಲಿ ಅದೇ ಹಳದಿ ಬೆಳ್ಳಗಾಗುತ್ತದೆ. ಯಾವ ಫಿಲ್ಮ್ ಎಂದು ತೀರ್ಮಾನಿಸದೆ 'ಚಿತ್ರದಲ್ಲಿ ಕಪ್ಪಾಗಿದೆ, ಆದ್ದರಿಂದ ಹಸಿರು' ಎಂದು ವಾದಿಸುವವರನ್ನು ನಂಬಬೇಡಿ.

ಬಣ್ಣದ ಹೆಸರು ಸಿಕ್ಕಿತು ಎನ್ನಿ. ಈಗ ಮಾದರಿಕಾರರಲ್ಲಿ ಒಂದು ಸೂತ್ರ ಪ್ರಚಲಿತವಾಗಿದೆ. ನಿಜ ವಿಮಾನದ ಬಣ್ಣವನ್ನೇ ಮಾದರಿಗೆ ಬಳಿದರೆ ಅದು ತೀರಾ ಗಾಢವಾಗಿ ಕಾಣುತ್ತದೆ, 1/72 ಪ್ರಮಾಣಕ್ಕೆ ನೂರಕ್ಕೆ ಹದಿನೈದರಷ್ಟು ಬಿಳಿಯನ್ನು ಬೆರೆಸಬೇಕು, ಪ್ರಮಾಣ ದೊಡ್ಡದಾದಂತೆ ಬಿಳಿ ಕಡಿಮೆ ಮಾಡಬೇಕು. ಕಾರಣ ಕೇಳಿದರೆ: 'ದೂರದ ವಸ್ತುವಿಗೂ ನಮಗೂ ನಡುವೆ ಗಾಳಿ ಇದೆ, ಅದು ಬೆಳಕನ್ನು ಚದುರಿಸಿ ಬಣ್ಣವನ್ನು ಮಸುಕುಗೊಳಿಸುತ್ತದೆ, ದೂರದ ಬೆಟ್ಟ ನೀಲಿಯಾಗಿ ಕಾಣುವ ಹಾಗೆ'. ಕೇಳಲು ವೈಜ್ಞಾನಿಕವಾಗಿದೆ. ಅನೇಕ ವಿಮರ್ಶೆಗಳು ಇದನ್ನು ಪಾಠದಂತೆ ಒಪ್ಪಿಸುತ್ತವೆ. ಲೆಕ್ಕ ಹಾಕಿದವರು ಮಾತ್ರ ಕಡಿಮೆ.

ಲೆಕ್ಕ ಕಷ್ಟದ್ದಲ್ಲ. 1924ರಲ್ಲಿ ಜರ್ಮನಿಯ ಕೊಶ್ಮೀಡರ್ ಕೊಟ್ಟ ಸೂತ್ರದ ಪ್ರಕಾರ, ಕಪ್ಪು ವಸ್ತುವಿನ ವೈದೃಶ್ಯ ನೂರಕ್ಕೆ ಎರಡಕ್ಕೆ ಇಳಿಯುವ ದೂರವೇ ಗೋಚರತೆಯ ಮಿತಿ. ಇದರಿಂದ ಬೆಳಕು ಚದುರುವ ಗುಣಾಂಕ ಎಂದರೆ 3.9ನ್ನು ಗೋಚರತೆಯಿಂದ ಭಾಗಿಸಿದ್ದು. ಒಂದು ಸಾಧಾರಣ ಶುಭ್ರ ದಿನ ಗೋಚರತೆ 20 ಕಿಮೀ ಎಂದುಕೊಂಡರೆ, ಒಂದು ಕಿಲೋಮೀಟರಿಗೆ ಗುಣಾಂಕ ಸುಮಾರು 0.2. ನಮ್ಮ ದೂರ 21.6 ಮೀ, ಎಂದರೆ 0.0216 ಕಿಮೀ. ಗುಣಿಸಿದರೆ 0.004. ನಡುವಿನ ಗಾಳಿ ಸೇರಿಸುವ ಮಸುಕು ನೂರಕ್ಕೆ ಅರ್ಧದಷ್ಟೂ ಇಲ್ಲ! ನೂರಕ್ಕೆ ಹದಿನೈದು ಬರಬೇಕಾದರೆ ಗೋಚರತೆ ಸುಮಾರು ಅರ್ಧ ಕಿಲೋಮೀಟರಿಗೆ ಇಳಿದಿರಬೇಕು. ಮಡಿಕೇರಿಯ ಮಳೆಗಾಲದ ಮುಂಜಾನೆಯಲ್ಲಿ ನಿಲ್ಲಿಸಿದ ವಿಮಾನಕ್ಕೆ ಈ ವಿವರಣೆ ಸರಿಹೋಗಬಹುದು. ಬಿಸಿಲಿನಲ್ಲಿ ನಿಂತದ್ದಕ್ಕೆ ಹೋಗದು. (ಬಣ್ಣಕ್ಕೆ ಬಿಳಿ ಬೆರೆಸುವುದೂ ಬೆಳಕಿಗೆ ಬೆಳಕು ಕೂಡಿಸುವುದೂ ಒಂದೇ ಅಲ್ಲ ಎಂಬುದು ಇನ್ನೊಂದು ಆಕ್ಷೇಪಣೆ, ಅದನ್ನು ಬದಿಗಿಡುತ್ತೇನೆ.)

ಹಾಗಾದರೆ ಸೂತ್ರ ಸುಳ್ಳೇ? ಕುತೂಹಲದ ಸಂಗತಿ ಎಂದರೆ, ಅನುಭವಿ ಮಾದರಿಕಾರರ ಕಣ್ಣು ತಪ್ಪಿಲ್ಲ, ಅವರ ವಿವರಣೆ ಮಾತ್ರ ತಪ್ಪು. ನಡುಹಗಲ ಬಿಸಿಲಿನಲ್ಲಿ ದೀಪ್ತಿ ಸುಮಾರು 1,00,000 ಲಕ್ಸ್. ನಮ್ಮ ಓದುವ ಕೋಣೆಯಲ್ಲಿ 200ರಿಂದ 300 ಲಕ್ಸ್. ಕಣ್ಣು ಹೊಂದಿಕೊಳ್ಳುತ್ತದೆ ನಿಜ, ಆದರೆ ಪೂರ್ತಿಯಾಗಿ ಅಲ್ಲ. ಬೆಳಕು ಹೆಚ್ಚಿದಂತೆ ಅದೇ ಬಣ್ಣ ಹೆಚ್ಚು ಕಳೆಗೂಡಿ ಕಾಣುತ್ತದೆ ಎಂಬುದನ್ನು ಹಂಟ್ ಎಂಬ ವಿಜ್ಞಾನಿ 1952ರಲ್ಲಿ ಅಳೆದು ತೋರಿಸಿದರು. ಇದಕ್ಕೆ ಹಂಟ್ ಪರಿಣಾಮ ಎಂದೇ ಹೆಸರು. ಜೊತೆಗೆ, ವಿಶಾಲವಾದ ಮೇಲ್ಮೈ ಅದೇ ಬಣ್ಣದ ಸಣ್ಣ ತುಣುಕಿಗಿಂತ ಬೆಳ್ಳಗೆ ಕಾಣುತ್ತದೆ. ಅಂಗಡಿಯ ಬಣ್ಣದ ಪಟ್ಟಿಯಲ್ಲಿ ಮೆಚ್ಚಿದ ಬಣ್ಣ ಗೋಡೆಗೆ ಬಂದಾಗ ಬೇರೆಯೇ ಎನಿಸುವುದು ನಿಮಗೆ ಗೊತ್ತು. ಕೋಣೆಯ ಮಂದ ಬೆಳಕಿನಲ್ಲಿಟ್ಟ ಗೇಣುದ್ದದ ವಿಮಾನಕ್ಕೆ ಎರಡೂ ಸೇರಿ ಕಪ್ಪಡರುತ್ತವೆ. ಬಿಳಿ ಬೆರೆಸುವುದು ಇದಕ್ಕೆ ಪರಿಹಾರ.

ಕಾರಣ ಯಾವುದಾದರೇನು, ಬಿಳಿ ಬೆರೆಸಿದರಾಯಿತಲ್ಲ ಎನ್ನುವ ಹಾಗಿಲ್ಲ. ಗಾಳಿಯೇ ಕಾರಣವಾದರೆ ಬಿಳಿಯ ಪಾಲು ಮಾದರಿಯ ಪ್ರಮಾಣವನ್ನು ಅವಲಂಬಿಸಬೇಕು. ಬೆಳಕು ಕಾರಣವಾದರೆ ಅದು ಮಾದರಿ ಎಲ್ಲಿ ಕೂರುತ್ತದೆ ಎಂಬುದನ್ನು ಅವಲಂಬಿಸಬೇಕು: ಕಿಟಕಿಯ ಬಳಿ ಇಡುವ ಮಾದರಿಗೆ ಕಡಿಮೆ, ಬೀರುವಿನ ಒಳಗಿಡುವುದಕ್ಕೆ ಹೆಚ್ಚು. ಎರಡು ವಿವರಣೆಗಳು ಎರಡು ಬೇರೆ ಕೆಲಸಗಳನ್ನು ಮಾಡಲು ಹೇಳುತ್ತವೆ.

ಹೊಳಪಿನದೂ ಇದೇ ಕತೆ. ಸೂರ್ಯಬಿಂಬದ ಕೋನ ಅರ್ಧ ಡಿಗ್ರಿ. ಎರಡು ಮೀಟರ್ ದೂರದ ನಾಲ್ಕಡಿ ಟ್ಯೂಬ್‌ಲೈಟಿನದು ಉದ್ದಕ್ಕೆ ಸುಮಾರು 33 ಡಿಗ್ರಿ. ಹೊಳೆಯುವ ಮೈಯ ಮಾದರಿಯ ಮೇಲೆ ಈ ದೀಪದ ಪ್ರತಿಬಿಂಬ ಬಿಳಿ ಪಟ್ಟಿಯಾಗಿ ಹರಡುತ್ತದೆ. ಇಷ್ಟು ದೊಡ್ಡ ಸೂರ್ಯ ಆಕಾಶದಲ್ಲಿಲ್ಲ. ಆದ್ದರಿಂದಲೇ ಹೊಳಪಿನ ಮಾದರಿ ತಕ್ಷಣ 'ಆಟಿಕೆ' ಎನಿಸುತ್ತದೆ. ಕೊನೆಯ ಲೇಪ ಹೊಳಪಿಲ್ಲದ ವಾರ್ನಿಷ್ ಆಗಿರಲಿ. ಆದರೆ ಸಂಕೇತಾಕ್ಷರಗಳ ಡೀಕಾಲ್ ಅಂಟಿಸುವ ಮೊದಲು ಮೈ ಹೊಳಪಾಗಿರಬೇಕು. ಒರಟು ಮೈಯ ಗುಳಿಗಳಲ್ಲಿ ಸಿಕ್ಕಿದ ಗಾಳಿ ಪೊರೆಯಡಿಯಲ್ಲಿ ಬೆಳಕನ್ನು ಪ್ರತಿಫಲಿಸಿ ಬೆಳ್ಳಿಯ ಕಲೆಯಂತೆ ಕಾಣುತ್ತದೆ, ಆಮೇಲೆ ಯಾವ ವಾರ್ನಿಷೂ ಅದನ್ನು ಮುಚ್ಚದು. ಎಲ್ಲ ಲೇಪಗಳೂ ಸೇರಿ 0.1 ಮಿಮೀ ಆದರೆ ನಿಜದಲ್ಲಿ ಅದು 7 ಮಿಮೀ ದಪ್ಪದ ಗಾರೆ ಎಂಬುದನ್ನೂ ನೆನಪಿಡಿ. ತೆಳುಗೊಳಿಸಿದ ಬಣ್ಣವನ್ನು ಎರಡು ಸಲ ಬಳಿಯುವುದು ಒಂದು ಸಲ ದಪ್ಪಗೆ ಬಳಿಯುವುದಕ್ಕಿಂತ ಮೇಲು.

ಬಿಳಿ ಬೆರೆಸುವ ಸೂತ್ರವನ್ನು ನನ್ನ ಮಾತಿನ ಮೇಲೆ ತಳ್ಳಿಹಾಕಬೇಡಿ, ತರಗತಿಯಲ್ಲಿ ಪರೀಕ್ಷಿಸಿ. ಒಂದು ಹಳೆಯ ಬಾಗಿಲಿಗೆ ಅಥವಾ ಪ್ಲೈವುಡ್ ಹಲಗೆಗೆ ಕಡುಹಸಿರು ಬಣ್ಣ ಬಳಿದು ಮೈದಾನದ ಬಿಸಿಲಿನಲ್ಲಿ ನಿಲ್ಲಿಸಿ. ಅದೇ ಡಬ್ಬಿಯ ಬಣ್ಣಕ್ಕೆ ನೂರಕ್ಕೆ 0, 5, 10, 15, 20 ಭಾಗ ಬಿಳಿ ಬೆರೆಸಿ ಐದು ಸಣ್ಣ ಕಾರ್ಡುಗಳಿಗೆ ಬಳಿಯಿರಿ. ಪಾಲನ್ನು ಹಿಂಬದಿಯಲ್ಲಿ ಬರೆಯಿರಿ. ವಿದ್ಯಾರ್ಥಿಗಳು 22 ಮೀ ದೂರದಿಂದ ಹಲಗೆಯನ್ನು ನೋಡಿ, ಒಬ್ಬೊಬ್ಬರಾಗಿ ಕೋಣೆಗೆ ಬಂದು, ಹತ್ತು ನಿಮಿಷ ಕಣ್ಣು ಹೊಂದಿಕೊಂಡ ಮೇಲೆ, ಹಲಗೆಗೆ ಸಮ ಎನಿಸುವ ಕಾರ್ಡನ್ನು ಆರಿಸಲಿ. ಒಬ್ಬರ ಆಯ್ಕೆ ಇನ್ನೊಬ್ಬರಿಗೆ ತಿಳಿಯಬಾರದು. ಆಮೇಲೆ ಎರಡು ಬದಲಾವಣೆ ಮಾಡಿ: ಒಮ್ಮೆ ದೂರವನ್ನು 5 ಮೀಟರಿಗೆ ಇಳಿಸಿ, ಬೆಳಕು ಹಾಗೆಯೇ ಇರಲಿ, ಇನ್ನೊಮ್ಮೆ ದೂರ 22 ಮೀಟರೇ ಇರಲಿ, ಕಾರ್ಡುಗಳನ್ನು ಕೋಣೆಯ ಬದಲು ನೆರಳಿಲ್ಲದ ಬಯಲಿನಲ್ಲಿ ನೋಡಿ. ಆಯ್ಕೆ ಯಾವ ಬದಲಾವಣೆಗೆ ಸರಿಯುತ್ತದೆ ಎಂದು ಪಟ್ಟಿ ಮಾಡಿ. ದೂರ ಬದಲಾದಾಗ ಹಲಗೆ ಕಣ್ಣಿಗೆ ತುಂಬುವ ಗಾತ್ರವೂ ಬದಲಾಗುತ್ತದೆ, ಆದ್ದರಿಂದ 5 ಮೀಟರಿನಲ್ಲಿ ಹಲಗೆಯ ಕಾಲು ಭಾಗದಷ್ಟು ಅಗಲ, ಕಾಲು ಭಾಗದಷ್ಟು ಎತ್ತರವನ್ನು ಮಾತ್ರ ಬಿಟ್ಟು ಉಳಿದುದನ್ನು ಮುಚ್ಚಿ. ಕಾರ್ಡುಗಳು ಹಿಂದಿನ ದಿನವೇ ತಯಾರಾಗಿರಲಿ. ಅಕ್ರಿಲಿಕ್ ಬಣ್ಣ ಒಣಗಿದಾಗ ಒಂದಿಷ್ಟು ಗಾಢವಾಗುತ್ತದೆ.